ಬೇಲಿಯೊಳಗಿನ ಬೆದೆಗಾಲ

– ಮೃಗಾಲಯದಲ್ಲಿ ಪ್ರಾಣಿಗೆ ಮೇವು ವರ್ಷವಿಡೀ ಒಂದೇ ಸಮ, ಮಾವ. ನೀರಿಗೆ ಬರವಿಲ್ಲ, ಹುಲಿಯ ಭಯವಿಲ್ಲ. ಹಾಗಿದ್ದ ಮೇಲೆ ಮರಿಗಳೂ ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಹೋಗಬೇಕಲ್ವಾ? ಕಾಡಿನಲ್ಲಿ ಹುಲ್ಲು ಚಿಗುರುವ ಕಾಲಕ್ಕೆ ಮರಿ ಹಾಕುತ್ತವೆ, ಸರಿ. ಬೇಲಿಯೊಳಗೆ ಯಾವ ಚಿಗುರಿಗೆ ಕಾಯಬೇಕು?

– ಕೇಳಬೇಕಾದ ಪ್ರಶ್ನೆಯೇ. ಜನನದ ರಿಜಿಸ್ಟರುಗಳು ಏನು ಹೇಳುತ್ತವೆ, ಮೊದಲು ಅದನ್ನು ಹೇಳು.

– ಎರಡು ಥರ ಹೇಳುತ್ತವೆ. ನಮ್ಮ ಚುಕ್ಕಿಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕುತ್ತೆ. ಯುರೋಪಿನ ಮೃಗಾಲಯಗಳ ಲೆಕ್ಕ ನೋಡಿದರೆ ಅಲ್ಲಿನ ಕೆಂಪು ಜಿಂಕೆಯ ಮರಿಗಳು ಮೇ ಕೊನೆ, ಜೂನ್ ಸುತ್ತಲೇ ಗುಂಪಾಗಿ ಬೀಳುತ್ತವೆ. ಎರಡಕ್ಕೂ ಬೇಲಿ ಇದೆ, ಎರಡಕ್ಕೂ ಹೊತ್ತಿಗೆ ಸರಿಯಾಗಿ ಮೇವು ಸಿಗುತ್ತೆ.

– ಅದಕ್ಕೆ ಯುರೋಪಿನವರೆಗೆ ಹೋಗೋದೇ ಬೇಡ. ನಮ್ಮ ಕೊಟ್ಟಿಗೆ ನೋಡು. ಹಸು ಯಾವ ತಿಂಗಳಲ್ಲಾದರೂ ಬೆದೆಗೆ ಬರುತ್ತೆ. ಎಮ್ಮೆ ಹಾಗಲ್ಲ. ಬೇಸಿಗೆಯಲ್ಲಿ ಅದು ಬೆದೆ ತೋರಿಸೋದೇ ಕಷ್ಟ. ಮಳೆಗಾಲ ಇಳಿದು ಹಗಲು ಗಿಡ್ಡವಾಗ್ತಾ ಬಂದ ಮೇಲೆ ಕೂಗೋಕೆ ಶುರು ಮಾಡುತ್ತೆ. ಒಂದೇ ಕೊಟ್ಟಿಗೆ, ಒಂದೇ ಹುಲ್ಲು, ಒಂದೇ ಬೂಸಾ. ಕಾರ್ತಿಕದಲ್ಲಿ ಬೀದಿನಾಯಿಗಳ ಪಾಡು ಎಲ್ಲರಿಗೂ ಗೊತ್ತು. ಜನ ಅದನ್ನು ಬೈಗುಳ ಮಾಡಿಕೊಂಡಿದ್ದಾರೆ. ನಾನು ಅದನ್ನು ಮೈಯೊಳಗಿನ ಪಂಚಾಂಗ ಅಂತೀನಿ. ಕೆಲವು ಪ್ರಾಣಿಗಳ ಪಂಚಾಂಗ ತುಂಬ ಕಟ್ಟುನಿಟ್ಟು, ಕೆಲವಕ್ಕೆ ಸಡಿಲ. ಯಾವುದಕ್ಕೆ ಎಷ್ಟು ಬಿಗಿ ಅಂತ ತಿಳಿಯೋಕೆ ಮೃಗಾಲಯಕ್ಕಿಂತ ಒಳ್ಳೆ ಜಾಗ ಇಲ್ಲ.

– ಕಾಡಿನಲ್ಲಿ ತಿಳಿಯಲ್ವಾ?

– ಕಾಡಿನಲ್ಲಿ ಮಳೆ, ಹುಲ್ಲು, ಚಳಿ, ಹಗಲಿನ ಉದ್ದ, ಎಲ್ಲವೂ ಒಟ್ಟಿಗೇ ಬದಲಾಗ್ತಾ ಇರುತ್ತವೆ. ಪ್ರಾಣಿ ಯಾವುದಕ್ಕೆ ಓಗೊಡ್ತಾ ಇದೆ ಅಂತ ಬಿಡಿಸಿ ನೋಡೋಕೆ ಆಗಲ್ಲ. ಮೃಗಾಲಯದಲ್ಲಿ ಮೇವಿನ ಏರಿಳಿತ ಇಲ್ಲ, ಬೇಟೆಯ ಭಯ ಇಲ್ಲ. ಸೂರ್ಯ ಮಾತ್ರ ಹಾಗೇ ಇದ್ದಾನೆ. ಅಷ್ಟಾದ ಮೇಲೂ ಒಂದು ಪ್ರಾಣಿ ತನ್ನ ತಿಂಗಳನ್ನು ಬಿಡದೆ ಹಿಡಿದುಕೊಂಡಿದ್ದರೆ, ಅದು ಹೊಟ್ಟೆಯ ಮಾತಲ್ಲ, ರಕ್ತದ ಮಾತು. ಇದನ್ನು ಬಹಳ ಹಿಂದೆಯೇ ಕಂಡವರಿದ್ದಾರೆ. 1953ರಲ್ಲಿ ಸಾಲಿ ಝುಕರ್‌ಮನ್ ಲಂಡನ್ ಮೃಗಾಲಯದ ಹಳೆಯ ಜನನ ದಾಖಲೆಗಳನ್ನು ಹರಡಿಕೊಂಡು, ಸೆರೆಯಲ್ಲಿರುವ ಸಸ್ತನಿಗಳ ಸಂತಾನಕಾಲದ ಬಗ್ಗೆ ನೂರು ಪುಟಕ್ಕೂ ಹೆಚ್ಚಿನ ಪ್ರಬಂಧ ಬರೆದರು. ದಿನಾ ಬೆಳಿಗ್ಗೆ ಯಾರೋ ನೌಕರ ‘ಇಂಥ ಪ್ರಾಣಿ ಮರಿ ಹಾಕಿದೆ’ ಅಂತ ಬರೆದಿಟ್ಟ ಸಾಲುಗಳೇ ಅದರ ಬಂಡವಾಳ. ರಿಜಿಸ್ಟರು ಬರೆಯುವವರನ್ನು ನಾನು ಯಾವತ್ತೂ ಹಗುರವಾಗಿ ಕಂಡವನಲ್ಲ.

– ಮೈಯೊಳಗಿನ ಪಂಚಾಂಗ ಅಂದ್ರಿ. ಬೇಲಿಯೊಳಗೆ ತಲೆಮಾರು ತಲೆಮಾರು ಕಳೆದರೆ ಅದು ಅಳಿಸಿಹೋಗಲ್ವಾ? ನಾಯಿ, ಹಸು, ಹಂದಿ ಎಲ್ಲ ಹಾಗೇ ತಾನೆ ಸಡಿಲವಾಗಿದ್ದು?

– ನಾವು ಆರಿಸಿ ಆರಿಸಿ ಸಾಕಿದ ಪ್ರಾಣಿಗಳ ಕಥೆ ಬೇರೆ. ಬರೀ ಬೇಲಿ ಹಾಕಿದ ಮಾತ್ರಕ್ಕೆ ಅಳಿಸಲ್ಲ. ಚೀನಾದ ಮಿಲು ಜಿಂಕೆ ಗೊತ್ತಲ್ಲ, ಪೆರೆ ಡೇವಿಡ್ ಜಿಂಕೆ ಅಂತ ಹೊರಗಿನವರು ಕರೆಯೋದು?

– ಹೆಸರು ಕೇಳಿದ್ದೀನಿ.

– ಕಾಡಿನಲ್ಲಿ ಅದರ ಸಂತತಿ ಎಂದೋ ಮುಗಿದಿತ್ತು. ಬೀಜಿಂಗ್ ಹತ್ತಿರ ಚಕ್ರವರ್ತಿಯ ಬೇಟೆಯ ವನದಲ್ಲಿ, ಎತ್ತರದ ಗೋಡೆಯ ಒಳಗೆ, ಒಂದು ಹಿಂಡು ಉಳಿದಿತ್ತು. 1865ರಲ್ಲಿ ಅರ್ಮಾಂಡ್ ಡೇವಿಡ್ ಅನ್ನೋ ಫ್ರೆಂಚ್ ಪಾದ್ರಿ ಆ ಗೋಡೆಯ ಮೇಲಿಂದ ಇಣುಕಿ ನೋಡಿದ. ಆಮೇಲೆ ಕೆಲವು ಜಿಂಕೆ ಯುರೋಪಿನ ಮೃಗಾಲಯಗಳಿಗೆ ಹೋದವು. ಚೀನಾದಲ್ಲಿ ಉಳಿದಿದ್ದವು ಪ್ರವಾಹದಲ್ಲಿ ಗೋಡೆ ಒಡೆದು ಹೋದವು, ಮಿಕ್ಕಿದ್ದು 1900ರ ಬಾಕ್ಸರ್ ದಂಗೆಯ ಕಾಲಕ್ಕೆ ಸೈನಿಕರ ಹೊಟ್ಟೆಗೆ ಹೋಯಿತು. ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕ್ ಯುರೋಪಿನಲ್ಲಿ ಚದುರಿದ್ದ 18 ಜಿಂಕೆಗಳನ್ನು ತನ್ನ ವೊಬರ್ನ್ ಎಸ್ಟೇಟಿನಲ್ಲಿ ಒಟ್ಟುಗೂಡಿಸಿದ. ಇವತ್ತು ಭೂಮಿಯ ಮೇಲಿರುವ ಮಿಲುಗಳೆಲ್ಲ ಆ ಹಿಂಡಿನ ಸಂತಾನ. 1985ರಲ್ಲಿ ಅವುಗಳ ಮಕ್ಕಳನ್ನು ಬೀಜಿಂಗಿನ ಅದೇ ವನಕ್ಕೆ ವಾಪಸು ಕರೆತಂದರು. ಇಷ್ಟೆಲ್ಲ ಆಯಿತಾ? ಈಗ ಅದರ ಬೆದೆಗಾಲ ಕೇಳು. ಉತ್ತರದ ಜಿಂಕೆಗಳಲ್ಲಿ ಹೆಚ್ಚಿನವು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬೆದೆಗೆ ಬಂದರೆ, ಮಿಲು ಜೂನ್–ಜುಲೈನಲ್ಲಿ, ನಡುಬೇಸಿಗೆಯಲ್ಲಿ ಬರುತ್ತೆ. ಒಂಬತ್ತು ತಿಂಗಳು ಹೊತ್ತು ಏಪ್ರಿಲ್–ಮೇನಲ್ಲಿ ಮರಿ ಹಾಕುತ್ತೆ. ನೂರಾರು ವರ್ಷ ಗೋಡೆಯೊಳಗೆ ಬಾಳಿದರೂ ಹೀಗೇ. ಪಕ್ಕದಲ್ಲೇ ಕೆಂಪು ಜಿಂಕೆಗಳು ಶರತ್ಕಾಲಕ್ಕೆ ಕೂಗುವ ಇಂಗ್ಲೆಂಡಿಗೆ ಹೋದರೂ ಹೀಗೇ.

– ಹಗಲಿನ ಉದ್ದ ಅಂದ್ರಿ. ಕಣ್ಣಿಗೆ ಬಿದ್ದ ಬೆಳಕು ಗರ್ಭಕೋಶದವರೆಗೆ ಹೋಗೋದು ಹೇಗೆ?

– ದಾರಿ ಉದ್ದ ಇದೆ, ಆದರೆ ಗೊತ್ತಾಗಿರೋ ದಾರಿ. ಕತ್ತಲಾದಾಗ ಮೆದುಳಿನ ನಡುವೆ ಇರೋ ಪೀನಿಯಲ್ ಗ್ರಂಥಿ ಮೆಲಟೋನಿನ್ ಬಿಡುಗಡೆ ಮಾಡುತ್ತೆ. ಬೆಳಕು ಬಿದ್ದರೆ ನಿಲ್ಲಿಸುತ್ತೆ. ರಾತ್ರಿ ಉದ್ದವಾದಷ್ಟೂ ಮೆಲಟೋನಿನ್ ರಕ್ತದಲ್ಲಿ ಹೆಚ್ಚು ಹೊತ್ತು ಇರುತ್ತೆ. ಅಂದರೆ ಮೈ ಅಳೆಯೋದು ಹಗಲನ್ನಲ್ಲ, ರಾತ್ರಿಯನ್ನು. ಆ ಅಳತೆಯನ್ನು ಪಿಟ್ಯುಟರಿ ಗ್ರಂಥಿಯ ಒಂದು ಭಾಗ ಓದಿಕೊಳ್ಳುತ್ತೆ, ಥೈರಾಯ್ಡ್ ಹಾರ್ಮೋನಿನ ಮೂಲಕ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತೆ. ಅಲ್ಲಿಂದ ಅಂಡಾಶಯ, ವೃಷಣಗಳಿಗೆ ಅಪ್ಪಣೆ ಇಳಿಯುತ್ತೆ. ಸೋಜಿಗ ಏನು ಅಂದ್ರೆ, ಎಲ್ಲ ಪ್ರಾಣಿಗಳಲ್ಲೂ ಸುದ್ದಿ ಒಂದೇ: ‘ರಾತ್ರಿ ಉದ್ದವಾಗ್ತಾ ಇದೆ.’ ಅದನ್ನು ಕೇಳಿ ಕುರಿ, ಕೆಂಪು ಜಿಂಕೆ ಬೆದೆಗೆ ಬರುತ್ತವೆ. ಕುದುರೆ ಬೆದೆ ನಿಲ್ಲಿಸುತ್ತೆ.

– ಒಂದೇ ಸುದ್ದಿಗೆ ತದ್ವಿರುದ್ಧ ಉತ್ತರ ಯಾಕೆ?

– ಹಿಂದಿನಿಂದ ಲೆಕ್ಕ ಹಾಕು. ಮರಿ ಹುಟ್ಟಬೇಕಾದ್ದು ವಸಂತದ ಕೊನೆಗೆ, ಚಿಗುರು ಇರುವಾಗ, ತಾಯಿಗೆ ಹಾಲು ಇಳಿಯುವಾಗ. ಕೆಂಪು ಜಿಂಕೆಯ ಗರ್ಭ ಸುಮಾರು ಎಂಟು ತಿಂಗಳು. ಹಾಗಾಗಿ ಶರತ್ಕಾಲದಲ್ಲಿ ಕೂಡಬೇಕು. ಕುದುರೆಯದು ಹನ್ನೊಂದು ತಿಂಗಳು. ಅದು ವಸಂತದಲ್ಲೇ ಕೂಡಿ ಮುಂದಿನ ವಸಂತಕ್ಕೆ ಈಯಬೇಕು. ಹಿಮಚಿರತೆಯದು ನೂರು ದಿನದ ಆಸುಪಾಸು. ಅದು ಜನವರಿ–ಮಾರ್ಚಿಯ ಕೊರೆಯುವ ಚಳಿಯಲ್ಲಿ ಜೋಡಿಯಾಗಿ ಮೇ–ಜೂನ್‌ನಲ್ಲಿ ಮರಿ ಹಾಕುತ್ತೆ. ಗರ್ಭದ ಅವಧಿ ಈ ಲೆಕ್ಕಕ್ಕೆ ಹೊಂದದೇ ಇದ್ದರೆ ಮೈ ಇನ್ನೊಂದು ಉಪಾಯ ಕಂಡುಕೊಳ್ಳುತ್ತೆ. ಯುರೋಪಿನ ರೋ ಜಿಂಕೆ ಜುಲೈ–ಆಗಸ್ಟ್‌ನಲ್ಲೇ ಕೂಡುತ್ತೆ. ಆದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ಸುಮಾರು ಐದು ತಿಂಗಳು ಸುಮ್ಮನೆ ತೇಲ್ತಾ ಇರುತ್ತೆ. ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಬೆಳೆಯೋಕೆ ಶುರು. ಮರಿ ಮೇ–ಜೂನ್‌ಗೆ.

– ಕೆಂಪು ಪಾಂಡ, ದೈತ್ಯ ಪಾಂಡಗಳಲ್ಲೂ ಹೀಗೆ ತಡೆಹಿಡಿಯೋದು ಇದೆಯಲ್ಲ?

– ಇದೆ. ಅದಕ್ಕೇ ಪಾಂಡ ಬಸುರಿಯೋ ಅಲ್ಲವೋ ಅಂತ ಹೇಳೋಕೆ ಮೃಗಾಲಯದ ವೈದ್ಯರು ಅಷ್ಟು ಒದ್ದಾಡೋದು. ಹೆಣ್ಣು ಪಾಂಡ ಬೆದೆಗೆ ಬರೋದು ವರ್ಷಕ್ಕೆ ಒಂದು ಸಲ, ಫಲ ಕಟ್ಟೋದು ಎರಡೋ ಮೂರೋ ದಿನ. ಆ ದಿನಗಳು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

– ನನಗೊಂದು ಅನುಮಾನ, ಮಾವ. ಬೆಳಕಿನ ಜೊತೆಗೆ ಚಳಿಯೂ ಬದಲಾಗುತ್ತಲ್ಲ. ಬೆಳಕೇ ಕಾರಣ ಅಂತ ಯಾಕೆ ಒಪ್ಪಬೇಕು? ವಂಶದಲ್ಲೇ ‘ಅಕ್ಟೋಬರ್’ ಅಂತ ಬರೆದಿರಬಹುದಲ್ಲ?

– ಬರೆದಿದ್ದರೆ ಭೂಮಧ್ಯರೇಖೆ ದಾಟಿಸಿದ ಮೇಲೂ ಅಕ್ಟೋಬರ್‌ನಲ್ಲೇ ಬೆದೆಗೆ ಬರಬೇಕಿತ್ತು. ಬರಲ್ಲ. ನ್ಯೂಜಿಲೆಂಡಿಗೆ ಒಯ್ದ ಕೆಂಪು ಜಿಂಕೆ ಅಲ್ಲಿನ ಶರತ್ಕಾಲಕ್ಕೆ, ಅಂದರೆ ಮಾರ್ಚಿ–ಏಪ್ರಿಲ್‌ಗೆ, ಕೂಗುತ್ತೆ. ನಮ್ಮ ಹಿಮಾಲಯದ ಥಾರ್ ಕಾಡುಮೇಕೆಯನ್ನು 1904ರಲ್ಲಿ ಅದೇ ಬೆಡ್‌ಫರ್ಡ್ ಡ್ಯೂಕ್ ನ್ಯೂಜಿಲೆಂಡಿಗೆ ಕಳಿಸಿದ್ದ. ಹಿಮಾಲಯದಲ್ಲಿ ಅದು ಚಳಿಗಾಲದ ಆರಂಭಕ್ಕೆ ಕೂಡಿ ಜೂನ್–ಜುಲೈನಲ್ಲಿ ಮರಿ ಹಾಕುತ್ತೆ; ಅಲ್ಲಿ ಮೇ–ಜುಲೈನಲ್ಲಿ ಕೂಡಿ ವರ್ಷದ ಕೊನೆಗೆ ಮರಿ ಹಾಕುತ್ತೆ. ಕೆಂಪು ಪಾಂಡ ಡಾರ್ಜಿಲಿಂಗಿನಲ್ಲಿ ಜೂನ್–ಜುಲೈನಲ್ಲಿ ಮರಿ ಹಾಕಿದರೆ, ಆಸ್ಟ್ರೇಲಿಯಾದ ಮೃಗಾಲಯಗಳಲ್ಲಿ ಡಿಸೆಂಬರ್–ಜನವರಿ. 2009ರಲ್ಲಿ ಅಡಿಲೇಡ್ ಮೃಗಾಲಯಕ್ಕೆ ಹೋದ ಪಾಂಡ ಜೋಡಿಯೂ ತನ್ನ ಕಾಲವನ್ನು ಆರು ತಿಂಗಳು ತಿರುಗಿಸಿಕೊಂಡಿತು. ವಂಶದಲ್ಲಿ ಬರೆದಿರೋದು ತಿಂಗಳಲ್ಲ. ಬೆಳಕು ಹೇಗಿದ್ದಾಗ ಏನು ಮಾಡಬೇಕು ಅನ್ನೋದು.

– ಚಳಿಯೂ ತಿರುಗುಮುರುಗು ಆಯಿತಲ್ಲ ಅಲ್ಲಿ.

– ಬಿಡಲ್ಲ ನೀನು! ಸರಿ, ಅದಕ್ಕೆ ರಿಚರ್ಡ್ ಗಾಸ್ ಅವರ ಕೆಲಸ ನೋಡು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ, 1960ರ ದಶಕದಲ್ಲಿ, ಸಿಕಾ ಜಿಂಕೆಗಳನ್ನು ಕೊಟ್ಟಿಗೆಯಲ್ಲಿಟ್ಟು ದೀಪದಿಂದಲೇ ಋತು ನಡೆಸಿದರು. ಗಂಡು ಜಿಂಕೆಯ ಕವಲುಕೊಂಬು ಉದುರಿ ಹೊಸದು ಬೆಳೆಯೋದು ಅದರ ವೃಷಣದ ಹಾರ್ಮೋನಿನ ಏರಿಳಿತಕ್ಕೆ ಕಟ್ಟುಬಿದ್ದಿದೆ. ಹಾಗಾಗಿ ಕೊಂಬು ನೋಡಿದರೆ ಒಳಗಿನ ಕಾಲ ತಿಳಿಯುತ್ತೆ. ಗಾಸ್ ಒಂದು ವರ್ಷದ ಬೆಳಕಿನ ಏರಿಳಿತವನ್ನು ಆರು ತಿಂಗಳಿಗೆ ಕುಗ್ಗಿಸಿದರು. ಜಿಂಕೆ ವರ್ಷಕ್ಕೆ ಎರಡು ಸಲ ಕೊಂಬು ಬದಲಿಸಿತು. ಇನ್ನೂ ಕುಗ್ಗಿಸಿದಾಗ ಮೂರು ಸಲ, ನಾಲ್ಕು ಸಲವೂ ಬದಲಿಸಿತು. ಕೊಂಬು ಮಾತ್ರ ಚಿಕ್ಕದಾಗ್ತಾ ಹೋಯಿತು. ಆಮೇಲೆ ದಿನಾ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು, ಏನೂ ಬದಲಾಗದಂತೆ ಇಟ್ಟರು. ಹೆಚ್ಚಿನವು ಕೊಂಬು ಉದುರಿಸೋದನ್ನೇ ಬಿಟ್ಟವು.

– ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಅಂದ್ರೆ ಹೆಚ್ಚುಕಮ್ಮಿ ನಮ್ಮ ಊರೇ ಆಯಿತಲ್ಲ!

– ಅದನ್ನೇ ಹೇಳೋಕೆ ಹೊರಟಿದ್ದೆ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಹನ್ನೆರಡು ಗಂಟೆ ಐವತ್ತು ನಿಮಿಷದ ಸುತ್ತ, ಅತಿ ಗಿಡ್ಡದ್ದು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ದಾಟುತ್ತೆ. ಒಂದೂವರೆ ಗಂಟೆಯ ವ್ಯತ್ಯಾಸ, ಅಷ್ಟೆ. ಲಂಡನ್ನಿನಲ್ಲಿ ಅದು ಹತ್ತಿರ ಹತ್ತಿರ ಒಂಬತ್ತು ಗಂಟೆ.

– ಈಗ ನಾನು ಓದಿದ್ದು ಹೇಳ್ತೀನಿ. ಜ್ಯೂರಿಕ್‌ನ ಮಾರ್ಕಸ್ ಕ್ಲೌಸ್ ಮತ್ತು ಅವರ ಜೊತೆಯವರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಮಶೀತೋಷ್ಣ ವಲಯದ ಮೃಗಾಲಯಗಳಲ್ಲಿರುವ 110 ಜಾತಿಯ ಮೆಲುಕು ಹಾಕುವ ಕಾಡುಪ್ರಾಣಿಗಳ ಜನನದ ದಿನಾಂಕಗಳು. ನೂರಕ್ಕೆ ಎಂಬತ್ತು ಮರಿಗಳು ಎಷ್ಟು ದಿನಗಳ ಒಳಗೆ ಹುಟ್ಟುತ್ತವೆ ಅನ್ನೋದೇ ಅವರ ಅಳತೆಗೋಲು. ಆ ದಿನಗಳು ಕಡಿಮೆ ಇದ್ದಷ್ಟೂ ಪಂಚಾಂಗ ಬಿಗಿ. ಅದನ್ನು ಆಯಾ ಪ್ರಾಣಿಯ ತವರಿನ ಅಕ್ಷಾಂಶದ ಜೊತೆ ಇಟ್ಟು ನೋಡಿದರೆ ಸ್ಪಷ್ಟವಾಗಿ ಕಾಣುತ್ತೆ: ತವರು ಭೂಮಧ್ಯರೇಖೆಯಿಂದ ದೂರ ಇದ್ದಷ್ಟೂ ಮರಿಗಳು ಒತ್ತೊತ್ತಾಗಿ ಹುಟ್ಟುತ್ತವೆ. ಈಗ ಎಲ್ಲಿದೆ ಅನ್ನೋದಕ್ಕಿಂತ ಎಲ್ಲಿಂದ ಬಂದಿದ್ದು ಅನ್ನೋದು ಮುಖ್ಯ. ಎಷ್ಟೋ ಪ್ರಾಣಿಗಳು ಆ ಮೃಗಾಲಯಗಳಲ್ಲೇ ಹುಟ್ಟಿ ಬೆಳೆದವು. ತವರನ್ನು ನೋಡೇ ಇಲ್ಲ.

– ಹಗಲಿನ ಉದ್ದದ ಬಗ್ಗೆ ಇನ್ನೂ ಒಂದು ಮಾತು ಇತ್ತಲ್ಲ ಅದರಲ್ಲಿ?

– ಹೌದು. ಬಿಗಿ ಪಂಚಾಂಗದ ಪ್ರಾಣಿಗಳು ಕಾಡಿನಲ್ಲಿ ಎಷ್ಟು ಗಂಟೆಯ ಹಗಲಿದ್ದಾಗ ಗಬ್ಬ ಕಟ್ಟುತ್ತವೋ, ಮೃಗಾಲಯದಲ್ಲೂ ಅಷ್ಟೇ ಗಂಟೆಯ ಹಗಲಿದ್ದಾಗ ಕಟ್ಟುತ್ತವೆ. ತಾರೀಖು ಬೇರೆ ಆಗಬಹುದು. ಶರತ್ಕಾಲದಲ್ಲಿ ಹಗಲು ಹನ್ನೊಂದು ಗಂಟೆಗೆ ಇಳಿಯೋದು 50 ಡಿಗ್ರಿ ಅಕ್ಷಾಂಶದಲ್ಲಿ ಅಕ್ಟೋಬರ್ ಎರಡನೇ ವಾರದ ಸುತ್ತ, 30 ಡಿಗ್ರಿಯಲ್ಲಿ ತಿಂಗಳ ಕೊನೆಗೆ. ದಕ್ಷಿಣದ ಪ್ರಾಣಿಯನ್ನು ಉತ್ತರಕ್ಕೆ ಒಯ್ದರೆ ಅದು ತನ್ನ ಹನ್ನೊಂದು ಗಂಟೆ ಬಂದ ದಿನ ಎಚ್ಚರಗೊಳ್ಳುತ್ತೆ, ತಾರೀಖು ಎರಡು ವಾರಕ್ಕೂ ಹೆಚ್ಚು ಹಿಂದೆ ಬಂದಿರುತ್ತೆ.

– ಮೈಸೂರಿನಲ್ಲಿ ಹನ್ನೊಂದು ಗಂಟೆಯ ಹಗಲು ಯಾವಾಗ?

– ಯಾವತ್ತೂ ಇಲ್ಲ. ವರ್ಷದಲ್ಲಿ ಒಂದು ದಿನವೂ ಅಷ್ಟು ಗಿಡ್ಡ ಆಗಲ್ಲ.

– ಅಂದರೆ ಉತ್ತರದ ಪ್ರಾಣಿಯೊಂದನ್ನು ಇಲ್ಲಿಗೆ ತಂದರೆ, ಅದು ಕಾಯುವ ದಿನ ಇಲ್ಲಿ ಹುಟ್ಟುವುದೇ ಇಲ್ಲ. ಒಳ್ಳೆ ಮನೆ, ಒಳ್ಳೆ ಮೇವು, ಫ್ಯಾನು, ನೀರಿನ ತುಂತುರು ಎಲ್ಲ ಕೊಡಬಹುದು. ಆ ದಿನವನ್ನು ಕೊಡೋಕೆ ಆಗಲ್ಲ. ಇದನ್ನು ನಾನು ಬಹಳ ಗಂಭೀರವಾಗಿ ತಗೊಳ್ತೀನಿ ಕಣಮ್ಮ. ಪ್ರಾಣಿ ವಿನಿಮಯ ಮಾಡಿಕೊಳ್ಳುವಾಗ ‘ಶಾಖ ತಡೆಯುತ್ತಾ’ ಅಂತ ಕೇಳ್ತಾರೆ. ಅಕ್ಷಾಂಶದ ಪ್ರಶ್ನೆ ಕೇಳೋರು ಕಡಿಮೆ.

– ಆದರೆ ಸಿಂಗಪುರದ ಇನುಕಾ? ಉಷ್ಣವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿ ಅದು. 1990ರ ಡಿಸೆಂಬರ್ 26ರಂದು ಹುಟ್ಟಿತು. ಸಿಂಗಪುರ ಭೂಮಧ್ಯರೇಖೆಗೆ ಅಂಟಿಕೊಂಡಂತೆ ಇದೆ, ಹಗಲಿನ ಉದ್ದ ವರ್ಷವಿಡೀ ಕೆಲವೇ ನಿಮಿಷ ವ್ಯತ್ಯಾಸ. ಆದರೂ ಧ್ರುವದ ಹಿಮಕರಡಿಗಳು ಮರಿ ಹಾಕುವ ಕಾಲಕ್ಕೇ, ನವೆಂಬರ್–ಜನವರಿ ನಡುವೆಯೇ ಹುಟ್ಟಿತಲ್ಲ.

– ಒಂದು ಮರಿಯಿಂದ ನಿಯಮ ಕಟ್ಟೋಕೆ ಆಗಲ್ಲ. ಆದರೆ ಅದು ಎತ್ತುವ ಪ್ರಶ್ನೆ ದೊಡ್ಡದು. ಹೊರಗಿನ ಬೆಳಕು ಏನೂ ಹೇಳದೇ ಇದ್ದರೂ ಒಳಗಿನ ವರ್ಷ ತಾನೇ ತಿರುಗುವ ಪ್ರಾಣಿಗಳಿವೆ. ಅಮೆರಿಕದ ಒಂದು ಜಾತಿಯ ನೆಲದ ಅಳಿಲನ್ನು ಬದಲಾಗದ ಬೆಳಕಿನಲ್ಲಿ, ಬದಲಾಗದ ಚಳಿಯಲ್ಲಿ ವರ್ಷಗಟ್ಟಲೆ ಇಟ್ಟು ನೋಡಿದ್ದಾರೆ. ಅದು ನಿದ್ದೆಗೆ ಜಾರೋದು, ಏಳೋದು ನಡೀತಾನೇ ಇತ್ತು; ಸುತ್ತು ಮಾತ್ರ ಒಂದು ವರ್ಷಕ್ಕಿಂತ ಸ್ವಲ್ಪ ಕಡಿಮೆ. ಬೆಳಕು ಇರೋದು ಆ ಒಳಗಿನ ಸುತ್ತನ್ನು ಹೊರಗಿನ ವರ್ಷಕ್ಕೆ ಸರಿಹೊಂದಿಸೋಕೆ. ಬೆಳಕಿನ ಆಸರೆ ಇಲ್ಲದಿದ್ದರೆ ಸುತ್ತು ನಿಲ್ಲದೇ ಇರಬಹುದು, ಆದರೆ ಮೆಲ್ಲಗೆ ಜಾರುತ್ತೆ. ಗಂಡಿನದು ಒಂದು ಕಡೆಗೆ, ಹೆಣ್ಣಿನದು ಇನ್ನೊಂದು ಕಡೆಗೆ ಜಾರಿದರೆ ಇಬ್ಬರೂ ಆರೋಗ್ಯವಾಗಿದ್ದೂ ಮರಿ ಆಗಲ್ಲ.

– ಈಗ ನಮ್ಮ ಚುಕ್ಕಿಜಿಂಕೆಗೆ ಬನ್ನಿ. ಅದಕ್ಕೆ ಪಂಚಾಂಗವೇ ಇಲ್ಲ ಅನ್ನೋಣವಾ?

– ಬೇಡ. ಒಂದು ಹಿಂಡಿನಲ್ಲಿ ನಿಂತು ಗಂಡುಗಳ ತಲೆ ನೋಡು. ಒಂದರ ಕೊಂಬು ಈಗಷ್ಟೇ ಉದುರಿದೆ. ಇನ್ನೊಂದರ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮ ಇದೆ. ಮೂರನೆಯದು ಗಟ್ಟಿ ಕೊಂಬು ಹೊತ್ತು ಹೆಣ್ಣಿನ ಹಿಂದೆ ಅಲೀತಾ ಇದೆ. ಪ್ರತಿ ಗಂಡಿಗೂ ಒಂದು ಸುತ್ತು ಇದೆ, ಆದರೆ ಹಿಂಡಿಗೆಲ್ಲ ಸೇರಿ ಒಂದು ಕಾಲ ಇಲ್ಲ. ಹಾಗಾಗಿ ಯಾವ ದಿನ ಹೆಣ್ಣು ಬೆದೆಗೆ ಬಂದರೂ ತಯಾರಾಗಿರೋ ಗಂಡು ಒಂದಾದರೂ ಇರುತ್ತೆ. ಕಾವಲಿನವರ ಕಷ್ಟವೂ ಅದೇ. ಕೆಂಪು ಜಿಂಕೆಯ ಆವರಣಕ್ಕೆ ಶರತ್ಕಾಲದಲ್ಲಿ ಎಚ್ಚರದಿಂದ ಹೋದರೆ ಸಾಕು. ಚುಕ್ಕಿಜಿಂಕೆಯ ಹತ್ತಿರ ವರ್ಷವಿಡೀ ಯಾವುದಾದರೂ ಒಂದು ಗಂಡು ಮದದಲ್ಲಿರುತ್ತೆ. ಮೇವಿನ ಬುಟ್ಟಿ ಹಿಡಿದು ಒಳಗೆ ಹೋಗೋ ಮನುಷ್ಯನಿಗೆ ಆ ಕೊಂಬು ಹಾಯಬಾರದಲ್ಲ.

– ಕಾಡಿನಲ್ಲಿ ಅದಕ್ಕೂ ಹೆಚ್ಚು ಮರಿ ಹುಟ್ಟುವ ತಿಂಗಳುಗಳು ಇವೆಯಲ್ಲ?

– ಇವೆ. ಅಲ್ಲಿ ಕೆಲಸ ಮಾಡೋದು ಮೈಯ ಸ್ಥಿತಿ. ಬೇಸಿಗೆಯಲ್ಲಿ ಸೊರಗಿದ ಹೆಣ್ಣು ಬೆದೆಗೆ ಬರಲ್ಲ. ಮಳೆ ಬಿದ್ದು, ಹಸಿ ಹುಲ್ಲು ಮೇದು, ಮೈ ತುಂಬಿಕೊಂಡಾಗ ಬರುತ್ತೆ. ಮೃಗಾಲಯದಲ್ಲಿ ಮೈ ಯಾವಾಗಲೂ ತುಂಬೇ ಇರುತ್ತೆ, ಅದಕ್ಕೇ ಎಲ್ಲ ತಿಂಗಳೂ ಮರಿ. ನೀನು ಹೇಳಿದ ಅಧ್ಯಯನದಲ್ಲೂ ಇದು ಇತ್ತಲ್ಲ?

– ಇತ್ತು. 110ರಲ್ಲಿ 11 ಜಾತಿಗಳು ಮಾತ್ರ ಕಾಡಿಗೂ ಮೃಗಾಲಯಕ್ಕೂ ಎದ್ದು ಕಾಣುವಷ್ಟು ನಡವಳಿಕೆ ಬದಲಿಸಿದ್ದವು. ಎಲ್ಲವೂ ಭೂಮಧ್ಯರೇಖೆಗೆ ಹತ್ತಿರದ ಕಡಿಮೆ ಅಕ್ಷಾಂಶಗಳಿಂದ ಬಂದವು. ಹತ್ತು ಜಾತಿಗಳು ಮೃಗಾಲಯದಲ್ಲಿ ಸಡಿಲವಾದವು. ಒಂದೇ ಒಂದು, ದಕ್ಷಿಣ ಆಫ್ರಿಕಾದ ಸ್ಪ್ರಿಂಗ್‌ಬಾಕ್, ಇನ್ನಷ್ಟು ಬಿಗಿಯಾಯಿತು. ತವರಿನ ಒಣನೆಲದಲ್ಲಿ ಮಳೆ ಬಂದಾಗಲೇ ಅದಕ್ಕೆ ಹಬ್ಬ, ಯಾವ ತಿಂಗಳಾದರೂ ಸರಿ. ಆ ಹಸಿವು ಇಲ್ಲದ ಜಾಗಕ್ಕೆ ಬಂದಾಗ ಒಳಗೆ ಅಡಗಿದ್ದ ಬೆಳಕಿನ ಪಂಚಾಂಗ ಹೊರಗೆ ಬಂತು. ಅವರು ಇನ್ನೊಂದು ಮಾತು ಹೇಳ್ತಾರೆ, ಅದು ನನ್ನನ್ನು ಬಹಳ ಕಾಡಿತು: ಮಳೆಯನ್ನು ಹಿಂಬಾಲಿಸುವ ಪ್ರಾಣಿಗಳು ಮರಿಗೆ ಹುಲ್ಲು ಸಿಗಲಿ ಅಂತ ಲೆಕ್ಕ ಹಾಕಿ ಕೂಡೋದಲ್ಲ, ತಾಯಿಯ ಮೈ ಚೆನ್ನಾಗಿರುವಾಗ ಮಾತ್ರ ಗಬ್ಬ ಕಟ್ಟೋದಿರಬಹುದು ಅಂತ.

– ಅದು ದೊಡ್ಡ ಮಾತು. ನಾವೆಲ್ಲ ಮರಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ್ದೇ ಹಾಕಿದ್ದು. ಉತ್ತರದ ಪ್ರಾಣಿಗಳಿಗೆ ಅದು ಸರಿ. ನಮ್ಮ ಕಡೆಯ ಪ್ರಾಣಿಗಳಿಗೆ ತಾಯಿಯಿಂದ ಮುಂದಕ್ಕೆ ಲೆಕ್ಕ ಹಾಕಬೇಕು. ನೀಲಗಿರಿ ಥಾರ್ ನೋಡು. ಎರವಿಕುಲಂ ಉದ್ಯಾನವನ್ನು ಪ್ರತಿ ವರ್ಷ ಫೆಬ್ರವರಿ–ಮಾರ್ಚಿಯಲ್ಲಿ ಪ್ರವಾಸಿಗರಿಗೆ ಮುಚ್ತಾರೆ, ಮರಿ ಹಾಕೋ ಕಾಲ ಅಂತ. ಆರು ತಿಂಗಳ ಗರ್ಭ. ಅಂದರೆ ಕೂಡಿದ್ದು ಮುಂಗಾರಿನ ನಟ್ಟನಡುವೆ, ಗುಡ್ಡದ ಹುಲ್ಲು ಹಸಿರಾಗಿರುವಾಗ. ಮರಿ ನೆಲಕ್ಕೆ ಬೀಳೋದು ಒಣಗಾಲದಲ್ಲಿ.

– ಹಾಗಾದರೆ ಮೃಗಾಲಯದ ತುಂಬು ಮೇವು ನಮ್ಮ ಪ್ರಾಣಿಗಳಿಗೆ ವರವೋ ಶಾಪವೋ?

– ಎರಡೂ ಆಗಿದೆ. ಅರೇಬಿಯನ್ ಓರಿಕ್ಸ್ ಕಾಡಿನಿಂದ ಅಳಿಯುವ ಹೊತ್ತಿಗೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂದು ಪುಟ್ಟ ಹಿಂಡು ಕಟ್ಟಿದರು. ಕಟ್ಟುನಿಟ್ಟಾದ ಕಾಲ ಇಲ್ಲದ ಪ್ರಾಣಿ ಅದು. ಮೇವಿದ್ದರೆ ಯಾವ ತಿಂಗಳಾದರೂ ಕರು ಹಾಕುತ್ತೆ, ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಬೆದೆಗೆ ಬರುತ್ತೆ. ಹಿಂಡು ಬೇಗ ಬೆಳೀತು, 1982ರಲ್ಲಿ ಒಮಾನಿನ ಮರಳುಗಾಡಿಗೆ ಬಿಟ್ಟರು. ಅದೇ ಗುಣ ಚುಕ್ಕಿಜಿಂಕೆಯಲ್ಲಿ ನಮ್ಮ ಮೃಗಾಲಯಗಳಿಗೆ ಹೊರೆಯಾಗಿದೆ. ಆವರಣ ಚಿಕ್ಕದು, ಹಿಂಡು ಬೆಳೀತಾನೇ ಇರುತ್ತೆ. ಕಡೆಗೆ ಗಂಡು ಹೆಣ್ಣು ಬೇರೆ ಮಾಡಬೇಕು, ಬೀಜದ ನಾಳ ಕತ್ತರಿಸಬೇಕು. ಬಿಗಿ ಕಾಲದ ಪ್ರಾಣಿಯಾದರೆ ವರ್ಷಕ್ಕೆ ಎರಡು ತಿಂಗಳು ಗಂಡನ್ನು ಬೇರೆ ಇಟ್ಟರೆ ಮುಗೀತು. ಇದಕ್ಕೆ ಹನ್ನೆರಡು ತಿಂಗಳೂ ಬೇರೆ ಇಡಬೇಕು.

– ಬೇರೆ ಇಡೋದು ಕ್ರೂರ ಅನ್ನಿಸಲ್ವಾ?

– ಚಳಿಗೆ ಸಾಯುವ ಮರಿಯನ್ನು ಹುಟ್ಟಿಸೋದು ಅದಕ್ಕಿಂತ ಕ್ರೂರ. ಉಷ್ಣವಲಯದ ಪ್ರಾಣಿಯನ್ನು ಯುರೋಪಿಗೋ ಅಮೆರಿಕಕ್ಕೋ ಒಯ್ದರೆ ಅದು ಜನವರಿಯ ಹಿಮದಲ್ಲೂ ಮರಿ ಹಾಕುತ್ತೆ, ಅದಕ್ಕೆ ಹಿಮದ ಅರಿವು ವಂಶದಲ್ಲಿ ಬಂದಿಲ್ಲ. ಮಣಿಪುರದ ಸಂಗಾಯ್ ಜಿಂಕೆಯ ಬಳಗದ್ದು ಇನ್ನೂ ಬಿಕ್ಕಟ್ಟು. ಅದು ವಸಂತದಲ್ಲಿ ಬೆದೆಗೆ ಬಂದು ಎಂಟು ತಿಂಗಳ ಮೇಲೆ ಮರಿ ಹಾಕುತ್ತೆ. ಲೋಕ್ತಾಕ್ ಸರೋವರದ ಬದಿಯಲ್ಲಿ ಮಳೆ ಮುಗಿದ ಆ ಕಾಲ ಒಳ್ಳೆಯದು. ಉತ್ತರದ ಮೃಗಾಲಯದಲ್ಲಿ ಅದೇ ಲೆಕ್ಕ ಹಿಡಿದರೆ ಮರಿ ಬೀಳೋದು ಚಳಿಗಾಲ ಕಾಲಿಡುವ ಹೊತ್ತಿಗೆ. ಅಲ್ಲಿನ ಜವಾಬ್ದಾರಿಯುತ ಮೃಗಾಲಯ ಏನು ಮಾಡುತ್ತೆ? ಬೆಚ್ಚಗಿನ ಕೊಟ್ಟಿಗೆ ಕಟ್ಟುತ್ತೆ, ಇಲ್ಲದಿದ್ದರೆ ಗಂಡನ್ನು ಯಾವಾಗ ಬಿಡಬೇಕು ಅಂತ ಲೆಕ್ಕ ಹಾಕುತ್ತೆ. ಹುಟ್ಟುವ ತಿಂಗಳಿಗೆ ಹೊಣೆ ನಾವು, ಪ್ರಾಣಿ ಅಲ್ಲ. ಅದನ್ನು ಅದರ ಅಕ್ಷಾಂಶದಿಂದ ಎತ್ತಿ ತಂದವರು ನಾವು ತಾನೆ.

– ರಾತ್ರಿ ದೀಪಗಳ ಬಗ್ಗೆ ಏನಂತೀರಿ? ಈಗ ಎಲ್ಲ ಕಡೆ ಆವರಣದ ಪಕ್ಕದಲ್ಲೇ ಬೀದಿದೀಪ, ಹಬ್ಬಕ್ಕೆ ದೀಪಾಲಂಕಾರ.

– ಇಲ್ಲಿ ನನಗೆ ಸಿಟ್ಟೇ ಬರುತ್ತೆ. ಮೈ ಅಳೆಯೋದು ರಾತ್ರಿಯನ್ನು ಅಂದೆನಲ್ಲ. ನಡುರಾತ್ರಿ ದೀಪ ಹಾಕಿದರೆ ಆ ಅಳತೆಯ ದಾರವನ್ನೇ ಕತ್ತರಿಸಿದ ಹಾಗೆ. ಪಲ್ಲಾಸ್ ಬೆಕ್ಕು ಅಂತ ಮಧ್ಯ ಏಷ್ಯಾದ ಚಳಿಮರುಭೂಮಿಯ ಕಾಡುಬೆಕ್ಕು ಇದೆ, ತುಂಬ ಬಿಗಿ ಕಾಲದ್ದು. ಅಮೆರಿಕದ ಮೃಗಾಲಯಗಳಲ್ಲಿ ನೋಡಿದಾಗ, ಕೃತಕ ಬೆಳಕಿಗೆ ಸಿಕ್ಕಿದ ಹೆಣ್ಣುಗಳ ಅಂಡಾಶಯದ ಸುತ್ತೇ ಏರುಪೇರಾಗಿತ್ತು. ಬೇಲಿಯ ಹೊರಗೂ ಇದೇ ಪಾಡು. ಪಶ್ಚಿಮ ಆಸ್ಟ್ರೇಲಿಯಾದ ಗಾರ್ಡನ್ ದ್ವೀಪದಲ್ಲಿ ನೌಕಾನೆಲೆಯ ದೀಪಗಳ ಹತ್ತಿರ ಬದುಕುವ ಟಾಮರ್ ವಾಲಬಿಗಳು, ಕತ್ತಲಲ್ಲಿರೋ ವಾಲಬಿಗಳಿಗಿಂತ ಸುಮಾರು ಒಂದು ತಿಂಗಳು ತಡವಾಗಿ ಮರಿ ಹಾಕ್ತಾ ಇದ್ದವು ಅಂತ 2015ರಲ್ಲಿ ಪ್ರಕಟವಾಯಿತು. ಒಂದು ತಿಂಗಳು! ಆ ಪುಟ್ಟ ಪ್ರಾಣಿಗೆ ಅದು ಹಸಿರಿಗೂ ಒಣಗಿದ್ದಕ್ಕೂ ಇರೋ ವ್ಯತ್ಯಾಸ. ಮೃಗಾಲಯದ ನಿಯಮಾವಳಿಯಲ್ಲಿ ಮೇವಿನ ತೂಕ ಇದೆ, ಆವರಣದ ಅಳತೆ ಇದೆ. ಕತ್ತಲಿಗೂ ಒಂದು ಕಲಮು ಇರಬೇಕು ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳ್ತಿದ್ದೆ, ಈಗಲೂ ಹೇಳ್ತೀನಿ.

– ಮಾವ, ನನ್ನ ಜೊತೆಯವರು ಕೇಳ್ತಾರೆ: ಸೆರೆಯಲ್ಲಿರೋ ಪ್ರಾಣಿಯ ತಾರೀಖು ಜೋಡಿಸಿ ಕಾಡಿಗೆ ಏನು ಲಾಭ ಅಂತ.

– ಏನು ಉತ್ತರ ಕೊಟ್ಟೆ?

– ಫ್ರಾನ್ಸಿನ ಶಾಂಪೇನ್ ಸೀಮೆಯ ರೋ ಜಿಂಕೆಯ ಉದಾಹರಣೆ ಕೊಟ್ಟೆ. ಅಲ್ಲಿ 1985ರಿಂದ ಮರಿಗಳು ಹುಟ್ಟುವ ದಿನ ಬರೆದಿಡ್ತಾ ಬಂದಿದ್ದಾರೆ. ಹವಾಮಾನ ಬದಲಾಗಿ ವಸಂತದ ಹೂ, ಚಿಗುರು ಮುಂಚೆ ಬರ್ತಾ ಹೋದವು. ಜಿಂಕೆಗಳು ಮಾತ್ರ ಹಳೇ ತಾರೀಖಿಗೇ ಮರಿ ಹಾಕಿದವು. ಚಿಗುರು ಬಲಿತ ಮೇಲೆ ಮರಿ ಹುಟ್ಟಿದರೆ ತಾಯಿಗೆ ಒಳ್ಳೆ ಮೇವಿಲ್ಲ, ಮರಿಗಳು ಹೆಚ್ಚು ಸಾಯುತ್ತವೆ. ಸೂರ್ಯನ ಲೆಕ್ಕ ಬದಲಾಗಿಲ್ಲ, ಹುಲ್ಲಿನ ಲೆಕ್ಕ ಬದಲಾಗಿದೆ. ಆದರೆ ಸ್ಕಾಟ್ಲೆಂಡಿನ ರಮ್ ದ್ವೀಪದ ಕೆಂಪು ಜಿಂಕೆಗಳು ತಾರೀಖನ್ನು ಅಷ್ಟಿಷ್ಟು ಹಿಂದಕ್ಕೆ ತಂದುಕೊಂಡಿವೆ. ಯಾವ ಪ್ರಾಣಿ ಹೊಂದಿಕೊಳ್ಳಬಲ್ಲದು, ಯಾವುದರ ಕೈ ಕಟ್ಟಿದೆ ಅನ್ನೋದಕ್ಕೆ ಮೃಗಾಲಯದ ರಿಜಿಸ್ಟರಿನಲ್ಲಿ ಸುಳಿವಿದೆ. ತುಂಬು ಮೇವಿನ ನಡುವೆಯೂ ತಾರೀಖು ಬಿಡದ ಪ್ರಾಣಿಗೆ ಮುಂದಿನ ಐವತ್ತು ವರ್ಷ ಕಷ್ಟದ್ದು.

– ಚೆನ್ನಾಗಿ ಹೇಳಿದೆ. ಇನ್ನೊಂದನ್ನೂ ಸೇರಿಸು. ಆ ದೊಡ್ಡ ಅಧ್ಯಯನಗಳೆಲ್ಲ ಸಮಶೀತೋಷ್ಣ ವಲಯದ ಮೃಗಾಲಯಗಳವು. ನಮ್ಮದು ತಿರುವನಂತಪುರದ ಎಂಟೂವರೆ ಡಿಗ್ರಿಯಿಂದ ಡಾರ್ಜಿಲಿಂಗಿನ 27 ಡಿಗ್ರಿ ದಾಟಿ ಮೇಲಕ್ಕೆ ಹರಡಿರೋ ಮೃಗಾಲಯಗಳ ಸಾಲು. ಡಾರ್ಜಿಲಿಂಗಿನಲ್ಲಿ ಹಗಲಿನ ವ್ಯತ್ಯಾಸ ಮೂರು ಗಂಟೆ ದಾಟುತ್ತೆ, ತಿರುವನಂತಪುರದಲ್ಲಿ ಒಂದು ಗಂಟೆಯ ಸುತ್ತ. ಮಳೆಯೂ ಒಂದೊಂದು ಕಡೆ ಒಂದೊಂದು ಥರ. 1992ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಹುಟ್ಟು–ಸಾವಿನ ವರದಿ ಕಡ್ಡಾಯವಾಗಿ ಹೋಗುತ್ತೆ. ಆದರೆ ವರದಿಯಲ್ಲಿ ಇರೋದು ವರ್ಷಕ್ಕೆ ಎಷ್ಟು ಹುಟ್ಟಿತು ಅನ್ನೋ ಮೊತ್ತ. ನಿನಗೆ ಬೇಕಾದ ತಾರೀಖು ಇರೋದು ಆಯಾ ಮೃಗಾಲಯದ ದಿನವಹಿ ಪುಸ್ತಕದಲ್ಲಿ, ಅದೂ ಕೈಬರಹದಲ್ಲಿ. ಹೋಗಿ ಕೂತು ತೆಗೀಬೇಕು.

– ತೆಗೆಯುವಾಗ ಏನೇನು ಬರೆದುಕೊಳ್ಳಲಿ?

– ಮರಿ ಹುಟ್ಟಿದ ತಾರೀಖು ಒಂದೇ ಸಾಲದು. ಆ ಆವರಣದಲ್ಲಿ ಗಂಡು ಯಾವ ತಿಂಗಳುಗಳಲ್ಲಿ ಹೆಣ್ಣಿನ ಜೊತೆ ಇತ್ತು? ಬೇರೆ ಇಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಮ್ಮ ವ್ಯವಸ್ಥೆಯನ್ನೇ ಪ್ರಾಣಿಯ ಸ್ವಭಾವ ಅಂತ ಓದಿಬಿಡ್ತೀಯ. ತಾಯಿ ಹುಟ್ಟಿದ್ದು ಎಲ್ಲಿ? ಬೇರೆ ಊರಿಂದ ಬಂದಿದ್ದರೆ ಬಂದು ಎಷ್ಟು ವರ್ಷ? ಸತ್ತು ಹುಟ್ಟಿದ ಮರಿಗಳನ್ನೂ ಬಿಡಬೇಡ; ಅವಕ್ಕೂ ಒಂದು ಗಬ್ಬದ ತಾರೀಖು ಇತ್ತು. ಗಂಡುಗಳ ಕೊಂಬು ಉದುರಿದ ತಾರೀಖನ್ನು ಕೆಲವು ಕಾವಲಿನವರು ಅಂಚಿನಲ್ಲಿ ಗೀಚಿರ್ತಾರೆ. ಯಾರೂ ಕೇಳಿರಲ್ಲ, ಆದರೂ ಬರೆದಿರ್ತಾರೆ. ಅದನ್ನು ತಪ್ಪದೇ ನೋಡು.

– ಯಾವ ಪ್ರಾಣಿಯಿಂದ ಶುರು ಮಾಡಲಿ? ಹಿಮಚಿರತೆ, ಕೆಂಪು ಪಾಂಡ ಅಂದ್ರೆ ಎಲ್ಲರಿಗೂ ಆಸಕ್ತಿ.

– ಚುಕ್ಕಿಜಿಂಕೆಯಿಂದ. ದಕ್ಷಿಣದ ಮೃಗಾಲಯದಲ್ಲೂ ಇದೆ, ಉತ್ತರದ್ದರಲ್ಲೂ ಇದೆ, ನೂರು ವರ್ಷ ಹಳೆಯ ಪುಸ್ತಕದಲ್ಲೂ ಇದೆ. ಸಂಖ್ಯೆ ಹೆಚ್ಚಿದೆ ಅಂತ ಯಾರೂ ಅದನ್ನು ತಿರುಗಿ ನೋಡಲ್ಲ. ಮೊದಲು ಮೈಸೂರು, ಆಮೇಲೆ ದೆಹಲಿ. ಮೇವು ಎರಡು ಕಡೆಯೂ ತುಂಬು. ದೆಹಲಿಯ ಉದ್ದದ ರಾತ್ರಿಗಳಿಗೆ ಅದು ಒಂದಿಷ್ಟಾದರೂ ಓಗೊಟ್ಟಿದೆಯೋ ಇಲ್ಲವೋ ನೋಡು. ಹಿಮಚಿರತೆಯ ಮೂವತ್ತು ಮರಿಯಿಂದ ಆ ಉತ್ತರ ಸಿಗಲ್ಲ. ಸಾವಿರಾರು ಚುಕ್ಕಿಮರಿಗಳ ತಾರೀಖಿನಿಂದ ಸಿಗುತ್ತೆ.